ಮೋಲ್ಡಿನ ಹಿಂದಿನ ಸಂಜೆ

ಏಣಿ ಹತ್ತಿ ಮೇಲೆ ಬನ್ನಿ. ಜೋಪಾನ, ಅಂಚಿನ ಶೀಟಿಗೆ ಸವರಿದ ಎಣ್ಣೆ ಇನ್ನೂ ಜಾರುತ್ತದೆ. ತುಮಕೂರಿನ ಮರಳೂರು ಕಡೆಯ ಹೊಸ ಬಡಾವಣೆ, ಸಂಜೆ ಐದೂವರೆ. ಮೂವತ್ತು ನಲವತ್ತರ ಸೈಟಿನ ಈ ಮನೆಗೆ ನಾಳೆ ಮೋಲ್ಡು, ಅಂದರೆ ಸೂರಿಗೆ ಕಾಂಕ್ರೀಟು. ಕಾಲಡಿಯಲ್ಲಿ ಕಬ್ಬಿಣದ ಜಾಲ ಹರಡಿದೆ. ಎಂಟು ಎಂ.ಎಂ. ರಾಡು, ಆರಿಂಚಿಗೊಂದು. ಕೂಡುವಲ್ಲೆಲ್ಲ ಬೈಂಡಿಂಗ್ ತಂತಿಯ ಗಂಟು. ದೂರದಲ್ಲಿ ದೇವರಾಯನದುರ್ಗದ ಬೆಟ್ಟಸಾಲು.

ಸೈಟ್ ಎಂಜಿನಿಯರ್ ಹುಡುಗಿ ಮೊಣಕಾಲೂರಿ ಕೂತು ರಾಡಿನಡಿ ಬೆರಳು ತೂರಿಸುತ್ತಾಳೆ. ಬೆರಳು ಒಳಗೆ ಹೋಗಬೇಕು. ರಾಡಿಗೂ ಶೀಟಿಗೂ ನಡುವೆ 20 ಎಂ.ಎಂ. ಸಂದು ಇದ್ದರಷ್ಟೇ ಕಾಂಕ್ರೀಟು ಕಬ್ಬಿಣದ ಕೆಳಗೂ ಇಳಿದು ಅದನ್ನು ಮುಚ್ಚುತ್ತದೆ. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ರಾಡು ತುಕ್ಕು ಹಿಡಿದು ಊದಿ, ಸೂರಿನ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೂಲೆಯಲ್ಲಿ ಬೆರಳು ಹೋಗುವುದಿಲ್ಲ. "ಅಣ್ಣ, ಇಲ್ಲಿ ಕವರ್ ಬ್ಲಾಕ್ ಇಟ್ಟಿಲ್ಲ." ಮೇಸ್ತ್ರಿ ಜೇಬಿನಿಂದಲೇ ನಾಲ್ಕು ತೆಗೆದು ಕೊಡುತ್ತಾನೆ.

"ಬೆಳಗ್ಗೆ ಆರಕ್ಕೆ ಮಿಲ್ಲರ್ ಬತ್ತದೆ ಮೇಡಂ. ಎಲ್ಲಾ ರೆಡಿ."

"ಕರೆಂಟ್ ಪೈಪು?"

"ಎಲೆಕ್ಟ್ರಿಷಿಯನ್ ಬೆಳಗ್ಗೆ ಬಂದು ಇಡ್ತೀನಿ ಅಂದವ್ನೆ."

"ಬೆಳಗ್ಗೆ ಬೇಡ ಅಣ್ಣ. ಈಗ್ಲೇ ಫೋನ್ ಹಾಕಿ. ಅವ್ರು ಪೈಪ್ ಇಟ್ಟ ಮೇಲೇ ಮಿಲ್ಲರಿನವರಿಗೆ ಬನ್ನಿ ಅಂತ ಹೇಳೋಣ."

ಮೇಸ್ತ್ರಿಯ ಮುಖ ನೋಡಿ. ಇದು ಅತಿಯಾಯಿತು ಎಂಬ ಭಾವ. ಫ್ಯಾನಿನ ನಾಲ್ಕು ಡಬ್ಬಿ, ಒಂದಿಷ್ಟು ಪೈಪು, ಮುಕ್ಕಾಲು ಗಂಟೆಯ ಕೆಲಸ. ಆದರೆ ಲೆಕ್ಕ ಹಾಕೋಣ. ನಾಳೆ ಬರುವ ಗ್ಯಾಂಗು ಇಪ್ಪತ್ತೈದು ಜನರದ್ದು. ಎಲೆಕ್ಟ್ರಿಷಿಯನ್ ಆರಕ್ಕೆ ಬರುವ ಬದಲು ಹತ್ತಕ್ಕೆ ಬಂದರೆ ಇಪ್ಪತ್ತೈದು ಜನ ನಾಲ್ಕು ಗಂಟೆ ಬೀಡಿ ಸೇದುತ್ತ ಕೂರುತ್ತಾರೆ. ಒಬ್ಬನ ಮುಕ್ಕಾಲು ಗಂಟೆಗಾಗಿ ನೂರು ಆಳುಗಂಟೆ ಹೋಯಿತು. ಅಷ್ಟೇ ಆದರೆ ದುಡ್ಡಿನ ಮಾತು. ಅಷ್ಟು ತಡವಾಗಿ ಶುರುವಾದ ಮೋಲ್ಡು ಕತ್ತಲಾಗುವ ತನಕ ನಡೆಯುತ್ತದೆ. ಆಗ ಎಲ್ಲರಿಗೂ ಮನೆಗೆ ಹೋಗುವ ಅವಸರ, ವೈಬ್ರೇಟರ್ ಹಿಡಿದವನ ಕಣ್ಣಿಗೆ ತೊಲೆಯ ಮೂಲೆ ಕಾಣುವುದಿಲ್ಲ. ಮನೆ ಸೋರುವುದು ಮುಂದಿನ ಮಳೆಗಾಲದಲ್ಲಾದರೂ ಅದು ಸೋರಲು ಶುರುವಾದದ್ದು ಇವತ್ತಿನ ಸಂಜೆಯಲ್ಲಿ.

ಎಲೆಕ್ಟ್ರಿಷಿಯನ್ ಏಳಕ್ಕೆ ಗೊಣಗುತ್ತಲೇ ಬರುತ್ತಾನೆ. ಮೊಬೈಲಿನ ಬೆಳಕಿನಲ್ಲಿ ಪೈಪು ಕೂಡಿಸುತ್ತಾನೆ. ಎಂಜಿನಿಯರ್ ಒಂದು ಹಾಳೆಯಲ್ಲಿ ಟಿಕ್ ಹಾಕುತ್ತ ಕೆಳಗಿಳಿಯುತ್ತಾಳೆ: ಜಾಕಿಗಳ ಬುಡ ಗಟ್ಟಿ ನೆಲದ ಮೇಲಿದೆಯೇ, ತೊಟ್ಟಿಯಲ್ಲಿ ನೀರಿದೆಯೇ, ವೈಬ್ರೇಟರಿಗೆ ಇನ್ನೊಂದು ಸೂಜಿ ಇದೆಯೇ, ಮಳೆ ಬಂದರೆ ಹೊದಿಸಲು ಟಾರ್ಪಾಲು ಇದೆಯೇ. ಹಾಳೆ ಒಂದೇ ಪುಟ. ಮೇಸ್ತ್ರಿಯೂ ಅವಳೂ ಇಬ್ಬರೂ ರುಜು ಹಾಕುತ್ತಾರೆ.

ಬೆಳಗ್ಗೆ ಆರೂಕಾಲು. ಕಾಂಕ್ರೀಟು ಕಲೆಸುವ ಮಿಲ್ಲರಿನ ಡ್ರಮ್ಮು ತಿರುಗುತ್ತಿದೆ, ಪಕ್ಕದವರ ಮಾತೂ ಕೇಳದಷ್ಟು ಸದ್ದು. ಮನೆಯ ಯಜಮಾನರು, ನಿವೃತ್ತ ಮೇಷ್ಟ್ರು, ತೆಂಗಿನಕಾಯಿ ಒಡೆದು ಮೊದಲ ಬಾಂಡ್ಲಿಗೆ ಕೈ ಹಚ್ಚಿ ಪಕ್ಕಕ್ಕೆ ಸರಿದಿದ್ದಾರೆ. ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿಯ ಪೊಟ್ಟಣಗಳು ಜಗಲಿಯ ಮೇಲೆ. ಗ್ಯಾಂಗಿನಲ್ಲಿ ಅರ್ಧ ಜನ ರಾಯಚೂರು, ಯಾದಗಿರಿ ಕಡೆಯವರು. ಗಂಡ ಜಲ್ಲಿ ತುಂಬಿದರೆ ಹೆಂಡತಿ ಹೊರುತ್ತಾಳೆ. ಇವರಲ್ಲಿ ಎಷ್ಟು ಜನರ ಬಳಿ ಕಾರ್ಮಿಕ ಕಾರ್ಡಿದೆ ಎಂದು ಕೇಳಿ ನೋಡಿ. ಕೆಲವರು ಸೆರಗಿನ ಗಂಟಿನಿಂದ ಲ್ಯಾಮಿನೇಟ್ ಮಾಡಿಸಿದ್ದನ್ನು ತೆಗೆಯುತ್ತಾರೆ, ಕೆಲವರು ನಗುತ್ತಾರೆ. ಕಾನೂನಿನ ಪ್ರಕಾರ ಹಿಂದಿನ ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದ 18ರಿಂದ 60 ವರ್ಷದವರು ನೋಂದಾಯಿಸಿಕೊಳ್ಳಬಹುದು; ಕಟ್ಟಡದ ವೆಚ್ಚದ ಮೇಲೆ ಸೆಸ್ ವಸೂಲಾಗುವುದು ಅವರ ಕಲ್ಯಾಣಕ್ಕಾಗಿಯೇ. ಆದರೆ ಆ 90 ದಿನಕ್ಕೆ ಪ್ರಮಾಣಪತ್ರ ಬೇಕು. ಊರೂರು ತಿರುಗುವವರಿಗೆ ಅದನ್ನು ಬರೆದುಕೊಡುವ ಪುರುಸೊತ್ತು ಯಾವ ಮೇಸ್ತ್ರಿಗೆ?

ಮಿಲ್ಲರಿನ ಬಳಿ ನಿಲ್ಲಿ. ಒಂದು ಚೀಲ ಸಿಮೆಂಟು, ಅಳತೆಯ ಎಂ-ಸ್ಯಾಂಡು, ಅಳತೆಯ ಜಲ್ಲಿ. ನೀರು ಮಾತ್ರ ಕೈಯಂದಾಜು. ಚೀಲಕ್ಕೆ ಇಪ್ಪತ್ತೇಳು ಲೀಟರಿನ ಆಸುಪಾಸು ಸಾಕು. ಆದರೆ ಸಡಿಲವಾದಷ್ಟೂ ಮೇಲೆ ಹರಡುವವರಿಗೆ ಸುಲಭ. "ಇನ್ನೊಂದ್ ಬಕೀಟ್ ಬುಡಲಾ" ಎಂದು ಮೇಲಿನಿಂದ ಕೂಗು ಬರುತ್ತದೆ. ಹೆಚ್ಚಾದ ಆ ನೀರು ಮುಂದೆ ಆವಿಯಾಗಿ, ತಾನಿದ್ದ ಜಾಗದಲ್ಲಿ ಸಣ್ಣ ತೂತುಗಳನ್ನು ಬಿಟ್ಟುಹೋಗುತ್ತದೆ. ಎಂಜಿನಿಯರ್ ವಾದ ಮಾಡುವುದಿಲ್ಲ. ಬಕೀಟಿಗೆ ಒಳಗಡೆ ಬಣ್ಣದ ಗೆರೆ ಎಳೆದಿದ್ದಾಳೆ, ಗೆರೆಯವರೆಗೆ ಎರಡು ಬಕೀಟು, ಅಷ್ಟೇ. ಕೂಗಾಟದ ಬದಲು ಒಂದು ಗೆರೆ. ನಡುನಡುವೆ ಕಬ್ಬಿಣದ ಅಚ್ಚುಗಳಿಗೆ ಮಾಲು ತುಂಬಿಸುತ್ತಾಳೆ, 150 ಎಂ.ಎಂ. ಘನಗಳು. ಮೂರನ್ನು ಏಳನೇ ದಿನ, ಮೂರನ್ನು ಇಪ್ಪತ್ತೆಂಟನೇ ದಿನ ಪ್ರಯೋಗಾಲಯದಲ್ಲಿ ಒಡೆಸಿ ನೋಡಬೇಕು.

ಮಧ್ಯಾಹ್ನ ಎರಡಕ್ಕೆ ಕೊನೆಯ ಬಾಂಡ್ಲಿ. ಮುದ್ದೆ, ಕೋಳಿಸಾರಿನ ಘಮ ಬರುತ್ತಿದೆ. ನಾಳೆಯಿಂದ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುತ್ತಾರೆ. ತೊಲೆಯಡಿಯ ಜಾಕಿಗಳನ್ನು ಹದಿನಾಲ್ಕು ದಿನ ಯಾರೂ ಮುಟ್ಟುವಂತಿಲ್ಲ.

ಊಟ ಮುಗಿದ ಮೇಲೆ ಊರೊಳಗೆ ಬನ್ನಿ. ಬಿ.ಎಚ್. ರಸ್ತೆಯ ಫುಟ್‌ಪಾತಿನ ಮೇಲೆ ನಿಂತಿದ್ದೀರಿ, ಕಾಲಡಿಯಲ್ಲಿ ಚೇಂಬರಿನ ಮುಚ್ಚಳ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರಿದು. ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ನಡುವಿನ ವರ್ಷಗಳಲ್ಲಿ ಇಲ್ಲಿ ಅಂಗಡಿ ಇಟ್ಟವರನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಅವರಿಗೆ ನೆನಪಾಗುವುದು ಅಗೆತ, ಧೂಳು.

ರಸ್ತೆಯ ಕೆಳಗೂ ಒಂದು ಸರದಿಯಿದೆ. ಒಳಚರಂಡಿ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು, ಅದರ ಆಳವನ್ನು ನಾವು ಬೇಕಾದಂತೆ ಬದಲಿಸಲಾಗದು, ಆದ್ದರಿಂದ ಅದು ಮೊದಲು. ಕುಡಿಯುವ ನೀರು ಒತ್ತಡದಲ್ಲಿ ಹೋಗುವಂಥದ್ದು, ಏರಿ ಇಳಿದರೂ ನಡೆಯುತ್ತದೆ. ಅದು ಚರಂಡಿಗಿಂತ ಮೇಲೆ, ದೂರವಾಗಿ. ಆಮೇಲೆ ಕೇಬಲ್ಲು, ಗ್ಯಾಸು. ಎಲ್ಲ ಮುಗಿದ ಮೇಲೆ ಡಾಂಬರು. ಈ ಸರದಿ ಯಾವ ಎಂಜಿನಿಯರಿಗೂ ಗೊತ್ತಿಲ್ಲದ್ದಲ್ಲ. ಆದರೆ ಒಂದೊಂದು ಪೈಪೂ ಒಂದೊಂದು ಇಲಾಖೆಯದು, ಒಂದೊಂದಕ್ಕೂ ಬೇರೆ ಟೆಂಡರು, ಬೇರೆ ಕಂಟ್ರಾಕ್ಟರು, ಬೇರೆ ಗಡುವು. ತನ್ನ ಗಡುವಿನೊಳಗೆ ಮುಗಿಸಿದವನು ಗೆದ್ದ. ಅವನು ಹಾಕಿದ ಡಾಂಬರನ್ನು ಮೂರು ತಿಂಗಳಲ್ಲಿ ಇನ್ನೊಬ್ಬ ಕತ್ತರಿಸಿದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೊಸ ರಸ್ತೆಗಳ ಬದಿಗೆ ಕೇಬಲ್ಲಿಗೆಂದೇ ಡಕ್ಟು ಇಡುವುದು ಇದಕ್ಕೆ ಮದ್ದು. ಆದರೆ ಎಲೆಕ್ಟ್ರಿಷಿಯನ್‌ನನ್ನು ಸಂಜೆಯೇ ಕರೆಸಿದ ಆ ಹುಡುಗಿಯಂಥವರು, ಎಲ್ಲ ಇಲಾಖೆಗಳಿಂದಲೂ ಒಂದೇ ಹಾಳೆಯಲ್ಲಿ ರುಜು ಹಾಕಿಸುವ ಅಧಿಕಾರ ಇರುವವರು ಇಲ್ಲದಿದ್ದರೆ, ಡಕ್ಟೂ ಇನ್ನೊಂದು ಅಗೆತವಷ್ಟೇ.

ಈಗ ಪಶ್ಚಿಮಕ್ಕೆ, ಗುಬ್ಬಿಯ ದಾರಿ. ಎರಡೂ ಕಡೆ ತೆಂಗು, ಅಡಿಕೆ. ಈ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಶಂಕುಸ್ಥಾಪನೆಯಾದದ್ದು 2016ರ ಜನವರಿ 3, ಉದ್ಘಾಟನೆ 2023ರ ಫೆಬ್ರುವರಿ 6. ಎರಡು ಸಮಾರಂಭಗಳ ನಡುವೆ ಏಳು ವರ್ಷ. ಕಲ್ಲು ಇಟ್ಟ ದಿನವನ್ನೇ ಕೆಲಸ ಶುರುವಾದ ದಿನವೆಂದು ಎಣಿಸುವುದು ನಮ್ಮ ರೂಢಿ.

ಕಾರ್ಖಾನೆಗಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ನಾಲೆಯ ಏರಿಯ ಮೇಲೆ. ಬನ್ನಿ, ಸುಂಕಾಪುರದ ಕಡೆಗೆ. ಗೊರೂರು ಅಣೆಕಟ್ಟಿನ ಹೇಮಾವತಿ ನೀರು ಇಲ್ಲಿಗೆ ತುಮಕೂರು ನಾಲೆಯಾಗಿ ಬರುತ್ತದೆ, ಮುಂದೆ ಕುಣಿಗಲ್ ಅದರ ತುದಿ. ತುದಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲ ಎಂಬುದು ಕುಣಿಗಲ್ಲಿನ ಹಳೆಯ ದೂರು, ನ್ಯಾಯವಾದ ದೂರೂ ಹೌದು. ಅದಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ ಲಿಂಕ್ ಕೆನಾಲ್: ನಾಲೆಯ 70ನೇ ಕಿಲೋಮೀಟರಿನ ಬಳಿಯಿಂದ ಪೈಪಿನಲ್ಲಿ ನೇರವಾಗಿ ಕುಣಿಗಲ್ ಕಡೆಗೆ ನೀರು. ಕಾಗದದ ಮೇಲೆ ಅಡ್ಡಿಯಿಲ್ಲದ ಗೆರೆ. ಆದರೆ ಆ ಗೆರೆ ಶುರುವಾಗುವ ಜಾಗದಿಂದ ಕೆಳಗೆ ಗುಬ್ಬಿ, ತುಮಕೂರಿನ ಕೆರೆಗಳಿವೆ. ಮೇಲೇ ನೀರು ತಿರುಗಿದರೆ ನಮಗೆಷ್ಟು ಉಳಿದೀತು ಎಂಬುದು ಇಲ್ಲಿನವರ ಭಯ. 2025ರ ಮೇ 31ರಂದು ಸುಂಕಾಪುರದ ಬಳಿ ರೈತರೂ ಜನಪ್ರತಿನಿಧಿಗಳೂ ಸೇರಿ ಕಾಮಗಾರಿಯ ಎದುರು ನಿಂತರು.

ಏರಿಯ ಮೇಲೆ ಕೂತ ಹಿರಿಯರೊಬ್ಬರನ್ನು ಮಾತಾಡಿಸಿ. "ಕುಣಿಗಲ್‌ನೋರು ನಮ್ಮ ನೆಂಟ್ರೇ ಸ್ವಾಮಿ. ಅವ್ರಿಗೆ ನೀರು ಬ್ಯಾಡ ಅಂತೀವಾ? ನಮ್ ಕೆರೆಗೆಷ್ಟು, ಅವ್ರ ಕೆರೆಗೆಷ್ಟು, ಬರ್ದು ತೋರ್ಸಿ ಅಂತೀವಿ." ಎಂಜಿನಿಯರುಗಳು ಪೈಪಿನ ಅಗಲ, ಇಳಿಜಾರು, ಪಂಪು ಬೇಕೋ ಬೇಡವೋ ಎಲ್ಲ ಲೆಕ್ಕ ಹಾಕಿರುತ್ತಾರೆ. ಈ ಹಿರಿಯರು ಕೇಳುವ ಲೆಕ್ಕವನ್ನು ಜೆಸಿಬಿ ಬರುವ ಮುಂಚೆ, ಹಳ್ಳಿಯ ಅರಳಿಕಟ್ಟೆಯಲ್ಲಿ, ಎಲ್ಲರೆದುರು ಓದಿ ಹೇಳುವುದನ್ನು ನಾವು ಎಂದೂ ಕಾಮಗಾರಿಯ ಭಾಗವೆಂದು ಎಣಿಸಿಲ್ಲ. ಅದಕ್ಕೆ ಟೆಂಡರಿನಲ್ಲಿ ಬಾಬತ್ತು ಇಲ್ಲ.

ಇದೇ ಜಿಲ್ಲೆಯನ್ನು ಹಾಯುವ ಎತ್ತಿನಹೊಳೆ ನೀರಿನ ಯೋಜನೆಯ ಅಂದಾಜು ವೆಚ್ಚ ನೋಡಿ: 8,323 ಕೋಟಿ ರೂಪಾಯಿ ಇದ್ದದ್ದು 2014ಕ್ಕೆ 12,912 ಕೋಟಿ, 2023ಕ್ಕೆ 23,251 ಕೋಟಿ. ನೀರು ಬಂದು ನಿಲ್ಲಬೇಕಿದ್ದ ಬೈರಗೊಂಡ್ಲು ಜಲಾಶಯಕ್ಕೆ ಕೊರಟಗೆರೆ, ದೊಡ್ಡಬಳ್ಳಾಪುರ ಎರಡೂ ತಾಲ್ಲೂಕಿನ ಹಳ್ಳಿಗಳ ಜಮೀನು ಬೇಕಿತ್ತು. ಮುಳುಗಿಸುವ ನೀರು ಒಂದೇ, ಪರಿಹಾರದ ದರ ಮಾತ್ರ ಎರಡು ಎಂದು ರೈತರು ಜಗ್ಗಿ ನಿಂತರು.

ಹೊತ್ತು ಇಳಿಯುವ ಮುಂಚೆ ಗೂಳೂರು, ಹೆಬ್ಬೂರು ದಾಟಿ ಕುಣಿಗಲ್ ಸೇರಿ. ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ನಿಂತರೆ ಹಳಿ ಹಾಸನದ ಕಡೆಗೆ ನೆಟ್ಟಗೆ ಓಡುತ್ತದೆ. ಬೆಂಗಳೂರು–ಹಾಸನ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996–97ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಹಾಸನ–ಶ್ರವಣಬೆಳಗೊಳ ಭಾಗಕ್ಕೆ 2006ರಲ್ಲಿ ರೈಲು ಬಂತು. ನಡುವಣ ಭಾಗ ಕೂಡಿ ಇಡೀ ಮಾರ್ಗದಲ್ಲಿ ರೈಲು ಓಡಿದ್ದು 2017ರ ಮಾರ್ಚ್ 26ರಂದು. ಮಂಜೂರಾದ ವರ್ಷ ಹುಟ್ಟಿದ ಮಗು ಆ ಹೊತ್ತಿಗೆ ಡಿಗ್ರಿ ಓದುತ್ತಿತ್ತು. ರೈಲು ಮಾರ್ಗದಲ್ಲಿ ತೊಂಬತ್ತು ಪಾಲು ಮುಗಿದಿದೆ ಎಂಬ ಮಾತಿಗೆ ಅರ್ಥವಿಲ್ಲ. ಕೊನೆಯ ಹಳಿ ಕೂಡುವ ತನಕ ಈ ಹಾದಿಯಲ್ಲಿ ಬೆಂಗಳೂರಿಗೂ ಹಾಸನಕ್ಕೂ ನಡುವೆ ಒಂದು ರೈಲೂ ಓಡದು. ಹಾಗಾಗಿ ಯಾವ ತುಂಡು ಕಷ್ಟದ್ದೋ, ಎಲ್ಲಿ ಜಮೀನು ಸಿಗುವುದು ತಡವೋ, ಮೊದಲ ದಿನ ಕೈ ಹಾಕಬೇಕಾದದ್ದು ಅಲ್ಲಿಗೇ. ನಮ್ಮಲ್ಲಿ ಸುಲಭದ ತುಂಡಿನಿಂದ ಶುರುಮಾಡುತ್ತಾರೆ. ಬೇಗ ಬಿಲ್ಲಾಗುತ್ತದೆ, ಬೇಗ ಫೋಟೋ ಸಿಗುತ್ತದೆ.

ಇದೇ ತಾಲ್ಲೂಕಿನಲ್ಲಿ ಇನ್ನೊಂದು ಜಾಗ. ಶಿಂಷಾ ನದಿಗೆ ಅಡ್ಡಲಾಗಿ ಮಾರ್ಕೋನಹಳ್ಳಿ ಜಲಾಶಯ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, 2.4 ಟಿಎಂಸಿ ಹಿಡಿಯುವಂಥದ್ದು. ನಡುವೆ 139 ಮೀಟರಿನ ಕಲ್ಲಿನ ಕಟ್ಟೆ, ಎರಡು ಬದಿಗೂ ಮಣ್ಣಿನ ಏರಿ. ಕಟ್ಟೆಯ ಮೇಲೆ ನಿಂತು ಬಗ್ಗಿ ನೋಡಿ. ಇಲ್ಲಿ ಸೈಫನ್‌ಗಳಿವೆ. ನೀರು ಮಟ್ಟ ಮೀರಿ ಏರಿದಾಗ ಒಳಗಿನ ಗಾಳಿಯನ್ನು ಹೊರತಳ್ಳಿ ತಾನಾಗಿ ಸೆಳೆದು ಹೊರಚೆಲ್ಲುತ್ತವೆ. ಮಟ್ಟ ಇಳಿದು ಗಾಳಿ ಒಳಹೊಕ್ಕಾಗ ತಾನಾಗಿ ನಿಲ್ಲುತ್ತವೆ. ನಡುರಾತ್ರಿ ಪ್ರವಾಹ ಬಂದರೆ ಗೇಟಿನವನನ್ನು ಎಬ್ಬಿಸಬೇಕಿಲ್ಲ, ಮೇಲಿನ ಅಧಿಕಾರಿಯ ಅಪ್ಪಣೆಗೆ ಕಾಯಬೇಕಿಲ್ಲ. ಏನಾದೀತು ಎಂಬುದನ್ನು ಕಟ್ಟುವ ಮುಂಚೆ ಯೋಚಿಸಿ ಉತ್ತರವನ್ನು ಕಲ್ಲಿನಲ್ಲೇ ಕೂರಿಸಿಟ್ಟಿದ್ದಾರೆ. ಬಕೀಟಿನ ಒಳಗೆ ಎಳೆದ ಬಣ್ಣದ ಗೆರೆಯದೂ ಇದೇ ಜಾಣತನ: ಜಗಳ ಬರುವ ಮುಂಚೆ ಅದಕ್ಕೊಂದು ಅಳತೆ ಗೊತ್ತುಮಾಡುವುದು.

ನಿರ್ವಹಣೆ ಎಂದರೆ ಬಾರ್ ಚಾರ್ಟು, ಸಾಫ್ಟ್‌ವೇರು, ವಾರಕ್ಕೊಂದು ಪ್ರಗತಿ ಪರಿಶೀಲನಾ ಸಭೆ ಎಂದುಕೊಂಡಿದ್ದೇವೆ. ಅವೂ ಬೇಕು. ಆದರೆ ಸಭೆಯಲ್ಲಿ "ಯಾಕ್ರೀ ತಡ" ಎಂದು ಗದರಿಸುವ ಹೊತ್ತಿಗೆ ತಡಕ್ಕೆ ಕಾರಣವಾದದ್ದು ಒಂದು ವರ್ಷದ ಹಿಂದೆಯೇ ನಡೆದುಹೋಗಿರುತ್ತದೆ. ಇಷ್ಟು ಊರಿನ ಕೆಲಸಗಳಲ್ಲಿ ಕಂಡದ್ದು ಒಂದೇ. ಸೈಟಿನ ಕೂಲಿಯವನ ಕೈ ನಿಧಾನವಾದ್ದರಿಂದ ಹೋಗುವ ಹೊತ್ತು ಅಲ್ಪ; ಮಾಡದೆ ಬಿಟ್ಟ ಪೂರ್ವಸಿದ್ಧತೆಯಿಂದ ಹೋಗುವುದು ವರ್ಷಗಟ್ಟಲೆ.

ಇನ್ನು ಮುಂದೆ ನಿಮ್ಮೂರಿನಲ್ಲಿ ಗುದ್ದಲಿ ಪೂಜೆಯ ಶಾಮಿಯಾನ ಎದ್ದರೆ ಮುಂದಿನ ಸಾಲಿನಲ್ಲೇ ಕುಳಿತು ಕೇಳಿ. ಜಮೀನು ಪೂರ್ತಿ ಕೈಗೆ ಬಂದಿದೆಯೇ? ನೆಲದಡಿ ಯಾರ ಪೈಪು, ಯಾರ ಕೇಬಲ್ಲಿದೆ ಎಂಬ ನಕ್ಷೆ ಇದೆಯೇ? ಕೆಳಗಿನ ಊರಿನವರಿಗೆ ಲೆಕ್ಕ ಓದಿ ಹೇಳಿದ್ದೀರಾ? ಕೊನೆಯ ಬಿಲ್ಲಿಗೂ ದುಡ್ಡು ತೆಗೆದಿಟ್ಟಿದ್ದೀರಾ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ಕಾಯಿ ಒಡೆಯಲಿ. ಇಲ್ಲವಾದರೆ ಪೂಜೆಯನ್ನು ಮುಂದಕ್ಕೆ ಹಾಕಿ ಎನ್ನಿ. ಮುಹೂರ್ತ ಇನ್ನೊಂದು ಸಿಗುತ್ತದೆ.