ಒಂದೇ ಎಳೆಯ ಊರು

ಸೇಲಂನಿಂದ ಇಪ್ಪತ್ತು ತಿರುವುಗಳನ್ನು ಹತ್ತಿದರೆ ಏರ್ಕಾಡ್. ಅಲ್ಲಿನ ಲೇಡೀಸ್ ಸೀಟ್ ಎಂಬ ಸ್ಥಳದಲ್ಲಿ ಸಂಜೆ ಕುಳಿತರೆ, ಕೆಳಗೆ ಸೇಲಂ ಪಟ್ಟಣದ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದು ಕಾಣುತ್ತದೆ. 2023ರ ನವೆಂಬರಿನಲ್ಲಿ ನಾನೂ ನನ್ನ ಅಣ್ಣನೂ ಅಲ್ಲಿ ಕುಳಿತಿದ್ದೆವು. ಅಣ್ಣ ಹಿಂದಿನ ದಿನವಷ್ಟೇ ಹೈದರಾಬಾದಿನಿಂದ ವಿಮಾನದಲ್ಲಿ ನೇರವಾಗಿ ಸೇಲಂಗೆ ಬಂದಿದ್ದ. “ಹೋದ ವರ್ಷ ಈ ವಿಮಾನ ಇದ್ದಿದ್ದರೆ...” ಎಂದವನು ಸುಮ್ಮನಾದ.

2022ರಲ್ಲಿ ಅಪ್ಪನಿಗೆ ಕಾಯಿಲೆ ಬಿಗಡಾಯಿಸಿದಾಗ ಸೇಲಂಗೆ ವಿಮಾನವಿರಲಿಲ್ಲ. ಅಣ್ಣ ಒಂದೂಕಾಲು ಗಂಟೆಯಲ್ಲಿ ಬೆಂಗಳೂರಿಗೆ ಬಂದಿಳಿದ. ಅಲ್ಲಿಂದ ಬಸ್ಸಿನಲ್ಲಿ ಮನೆ ಸೇರಲು ಆರು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದರು.

ದೂರವೆಂಬುದು ಮೈಲಿಗಳ ಲೆಕ್ಕವಲ್ಲ, ಸಂಪರ್ಕದ ಲೆಕ್ಕ ಎಂದು ನನಗೆ ತಿಳಿದದ್ದು ಅಂದು.

ಮಕ್ಕಳೇ, ಒಂದು ಲೆಕ್ಕ ಮಾಡಿ ನೋಡಿ. ಆರು ಊರುಗಳಿವೆ. ಪ್ರತಿ ಊರಿನಿಂದ ಉಳಿದೆಲ್ಲ ಊರಿಗೂ ನೇರ ಮಾರ್ಗ ಬೇಕಾದರೆ 15 ಮಾರ್ಗಗಳು ಬೇಕು. ಒಂದು ಊರನ್ನು ಕೇಂದ್ರ ಮಾಡಿಕೊಂಡರೆ ಐದೇ ಸಾಕು. ಬಹಳಷ್ಟು ವಿಮಾನಗಳು ದೊಡ್ಡ ನಗರಗಳ ಮೂಲಕ ಹೋಗುವುದು ಈ ಉಳಿತಾಯಕ್ಕಾಗಿಯೇ. ಆದರೆ ಕೇಂದ್ರಕ್ಕೆ ಐದು ಎಳೆ. ಸಣ್ಣ ಊರಿಗೆ ಒಂದೇ ಎಳೆ. ಅದು ಕಡಿದರೆ ಎಲ್ಲವೂ ಕಡಿದಂತೆ.

ಯಾವ ಊರು ಕೇಂದ್ರವಾಗುವುದೆಂಬುದು ಹಣೆಯ ಬರಹವೇನಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನ ಹಾರಿಸಿದರು. ಅಲ್ಲಿಂದ ಆ ಅಂಚೆ ಮದರಾಸಿಗೆ ಹೋದದ್ದು ನಮ್ಮ ಬಳ್ಳಾರಿಯ ಮೇಲೆ! ಬೆಂಗಳೂರು ಆ ಮಾರ್ಗದಲ್ಲಿರಲಿಲ್ಲ. ಮುಂದೆ ಬಳ್ಳಾರಿಯ ಬದಲು ಹೈದರಾಬಾದ್ ಆ ಮಾರ್ಗಕ್ಕೆ ಸೇರಿತು. ಬೆಂಗಳೂರಿನಲ್ಲಾದರೋ 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಕಾರ್ಖಾನೆಗಳಿಂದ ಪ್ರಯಾಣಿಕರು, ಪ್ರಯಾಣಿಕರಿಂದ ವಿಮಾನಗಳು, ವಿಮಾನಗಳಿಂದ ಮತ್ತಷ್ಟು ಉದ್ಯಮಗಳು ಬೆಳೆದವು. ಹಳೆಯ ನಿಲ್ದಾಣ ಸಾಲದೆ 2008ರಲ್ಲಿ ದೇವನಹಳ್ಳಿಯ ಬಳಿ ಹೊಸದು ತೆರೆಯಿತು.

ಸೇಲಂನ ಕತೆ ಬೇರೆ. ಓಮಲೂರಿನ ಬಳಿಯ ಕಮಲಾಪುರದಲ್ಲಿ 1993ರಲ್ಲಿ ವಿಮಾನ ನಿಲ್ದಾಣವಾಯಿತು. ವಿಮಾನ ಬಂತು, ನಿಂತಿತು. 2009ರಲ್ಲಿ ಚೆನ್ನೈಗೆ ಪುನಃ ಹಾರಿತು, ಕೆಲವೇ ವರ್ಷಗಳಲ್ಲಿ ನಿಂತಿತು. 2018ರಲ್ಲಿ ಉಡಾನ್ ಯೋಜನೆಯಡಿ ಮತ್ತೆ ಬಂತು, 2021ರಲ್ಲಿ ನಿಂತಿತು. 2023ರ ಅಕ್ಟೋಬರಿನಲ್ಲಿ ಬೆಂಗಳೂರು, ಕೊಚ್ಚಿ, ಹೈದರಾಬಾದ್, ಚೆನ್ನೈಗಳಿಗೆ ಸಂಪರ್ಕ ಆರಂಭವಾಯಿತು. ಉಡಾನ್ ಯೋಜನೆಯಲ್ಲಿ ಸಣ್ಣ ಊರಿನ ಮಾರ್ಗದ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡಿದೆ. ಆಮೇಲೆ ಆ ಮಾರ್ಗವನ್ನು ಉಳಿಸಬೇಕಾದವರು ಪ್ರಯಾಣಿಕರೇ.

ಅಪ್ಪ ಮಗ್ಗದಲ್ಲಿ ಬದುಕು ಸವೆಸಿದವರು. ಎಳೆ ಕಡಿದಾಗ ಗೊಣಗದೆ ಗಂಟು ಹಾಕಿ, “ಹಾಸು ಒಂದೇ ಎಳೆಯದಲ್ಲ ಕಣಪ್ಪ” ಎನ್ನುತ್ತಿದ್ದರು. ಊರಿಗೂ ಈ ಮಾತು ಸಲ್ಲುತ್ತದೆ. ವಿಮಾನವೂ ಬೇಕು, ರೈಲೂ ಬೇಕು, ರಾತ್ರಿಯ ಬಸ್ಸೂ ಬೇಕು.

ನಿಮ್ಮಲ್ಲಿ ಹಲವರು ನಾಳೆ ದೂರದ ನಗರಗಳಿಗೆ ಹೋಗುವವರು. ಸಂತೋಷದಿಂದ ಹೋಗಿ. ಆದರೆ ಕಾಯಿಲೆಯ ಸುದ್ದಿ ಬರುವವರೆಗೂ ಕಾಯದೆ ಊರಿಗೆ ಬರುತ್ತಿರಿ. ಬರುವವರಿದ್ದರೆ ತಾನೇ ದಾರಿ ಉಳಿಯುವುದು?

ಕತ್ತಲಾಯಿತು. ಅಣ್ಣ ಎದ್ದು, “ಪೊಂಗಲ್ ಹಬ್ಬಕ್ಕೆ ಮತ್ತೆ ಬರುತ್ತೇನೆ, ಅಮ್ಮನಿಗೆ ಹೇಳು” ಎಂದ.