ಹೆಪ್ಪಿಟ್ಟ ಗೊಬ್ಬರ

ವೈಶಾಖ ಮಾಸದ ಒಂದು ಬೆಳಗ್ಗೆ ಚಾಮರಾಜನಗರದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ದರ್ಶನವನ್ನು ಮುಗಿಸಿಕೊಂಡು, ಗುಂಡ್ಲುಪೇಟೆಯ ಬಸ್ಸನ್ನು ಹತ್ತಿದೆನು. ಮಾರ್ಗದ ಇಕ್ಕೆಲಗಳಲ್ಲಿಯೂ ಅರಿಸಿನಕ್ಕಾಗಿ ಹದಗೊಳಿಸಿದ ಹೊಲಗಳು. ದೂರದಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟದ ನೀಲರೇಖೆ.

ನಡುದಾರಿಯ ತೆರಕಣಾಂಬಿಯಲ್ಲಿ ಇಳಿದೆನು. ಅಲ್ಲಿಗೆ ಸಮೀಪದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಬೇಸಾಯ ಮಾಡಿಕೊಂಡಿರುವನು. ಹಿಂದಿನ ವರ್ಷ ಅವನ ಅರಿಸಿನಕ್ಕೆ ಗೆಡ್ಡೆಕೊಳೆ ರೋಗವು ತಗುಲಿ ಅರ್ಧ ಬೆಳೆ ಮಣ್ಣಿನೊಳಗೇ ನಾಶವಾಗಿದ್ದಿತು. ಹೆಂಡತಿಯ ಬಳೆಗಳು ಗಿರವಿಯಲ್ಲಿಯೇ ಉಳಿದಿದ್ದುವು.

"ರೋಗವನ್ನು ತಡೆಯುವ ಟ್ರೈಕೋಡರ್ಮ ಶಿಲೀಂಧ್ರದ ಪುಡಿಯನ್ನು ಹಾಕಿದ್ದೆ, ಮೇಷ್ಟ್ರೇ. ಆದರೆ ಪೊಟ್ಟಣ ತಿಂಗಳುಗಟ್ಟಲೆ ತಗಡಿನ ಸೂರಿನ ಕೆಳಗಿತ್ತು. ಒಣನೆಲದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಎರಚಿಬಿಟ್ಟೆ" ಎಂದನು.

ಮಜ್ಜಿಗೆಯನ್ನು ತಂದ ಅವನ ಹೆಂಡತಿಯು, "ಹೆಪ್ಪನ್ನು ಕಾದ ಹೆಂಚಿಗೆ ಸುರಿದು, ಮೊಸರಾಗಲಿಲ್ಲ ಅಂದ ಹಾಗಾಯಿತು" ಎಂದು ನಕ್ಕಳು. ಈ ಒಂದು ಮಾತಿನಲ್ಲಿ ವಿಷಯವೆಲ್ಲವೂ ಅಡಗಿದ್ದಿತು.

ಈ ಸಲ ಅವರು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಹೊಂಗೆಯ ನೆರಳಿನಲ್ಲಿ, ಚೆನ್ನಾಗಿ ಕಳಿತು ಕಾವಾರಿದ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ ಸ್ವಲ್ಪ ಬೇವಿನ ಹಿಂಡಿಯನ್ನೂ 1 ಕಿಲೋ ಟ್ರೈಕೋಡರ್ಮವನ್ನೂ ಬೆರೆಸಿದ್ದರು. ನೀರಿನ ಹದವು ಹೇಗೆಂದರೆ, ಹಿಡಿಯಲ್ಲಿ ಅಮುಕಿದರೆ ಉಂಡೆಯಾಗಬೇಕು, ಬೆರಳ ಸಂದಿನಲ್ಲಿ ನೀರು ಒಸರಬಾರದು. ಮೇಲೆ ಒದ್ದೆಯ ಗೋಣಿ. ಮೂರು ನಾಲ್ಕು ದಿನಕ್ಕೊಮ್ಮೆ ಮಗುಚುವುದು. 15 ದಿನ ಕಾಯುವುದು. ಗೋಣಿಯನ್ನೆತ್ತಿ ತೋರಿಸಿದಾಗ ಗೊಬ್ಬರದ ಮೈಮೇಲೆ ಹಸುರು ಬೆರೆತ ಬಿಳಿಯ ಬೂಷ್ಟು ಹರಡಿದ್ದಿತು. ಮೊದಲ ಮಳೆಯ ಮಣ್ಣಿನ ವಾಸನೆ ಬಂದಿತು.

ಪಕ್ಕದ ರಾಶಿಯಲ್ಲಿ ಬೇರೆ ಜೀವಿಗಳಿದ್ದುವು. ಕೊಟ್ಟಿಗೆ ಗೊಬ್ಬರದ 100 ಕಿಲೋದಲ್ಲಿ ಸಾರಜನಕವಿರುವುದು ಸುಮಾರು ಅರ್ಧ ಕಿಲೋ ಮಾತ್ರ. ಅಜಟೋಬ್ಯಾಕ್ಟರ್ ಎಂಬ ಸೂಕ್ಷ್ಮಾಣುವು ಗಾಳಿಯೊಳಗಿನ ಸಾರಜನಕವನ್ನು ಹಿಡಿದು ಅದಕ್ಕೆ ಕೂಡಿಸುವುದು. ರಂಜಕವನ್ನು ಕರಗಿಸುವ ಅಣುಜೀವಿಗಳು ಮಣ್ಣಿನಲ್ಲಿ ಬಿಗಿದುಕೊಂಡಿರುವ ರಂಜಕವನ್ನು ಬೇರಿಗೆ ದೊರೆಯುವಂತೆ ಬಿಡಿಸಿಕೊಡುವುವು. ಇವುಗಳೊಡನೆ ರಾಸಾಯನಿಕ ಗೊಬ್ಬರವನ್ನಾಗಲಿ ಶಿಲೀಂಧ್ರನಾಶಕವನ್ನಾಗಲಿ ಬೆರೆಸಲಾಗದು.

ಸುರಪಾಲನ ವೃಕ್ಷಾಯುರ್ವೇದದಲ್ಲಿ, ಕೊಳೆಯಿಸಿ ಮಾಡುವ ಕುಣಪಜಲವೆಂಬ ಗೊಬ್ಬರದ ವಿಧಾನವುಂಟು. ಅದನ್ನು ಮಕ್ಕಳಿಗೆ ಹೇಳಿದ್ದೆನಾದರೂ, ಕೊಳೆಯಿಸುವ ಕೆಲಸವು ಕಣ್ಣಿಗೆ ಕಾಣದ ಜೀವಿಗಳದೆಂದು ಹೇಳಿರಲಿಲ್ಲ. ಆ ಪಾಠವನ್ನು ಶಿಷ್ಯನ ಹಿತ್ತಲಿನಲ್ಲಿ ನಾನೇ ಕಲಿಯಬೇಕಾಯಿತು.

ಮಾಘದಲ್ಲಿ ಮತ್ತೊಮ್ಮೆ ಹೋಗಿದ್ದೆನು. ನೀರು ನಿಲ್ಲುವ ತಗ್ಗಿನಲ್ಲಿ ಈ ಸಲವೂ ಗೆಡ್ಡೆ ಕೊಳೆತಿದ್ದಿತು. ಉಳಿದ ಕಡೆಯ ಬೆಳೆಯು ಕೈಗೆ ಬಂದಿದ್ದಿತು. ಒಂದು ವರ್ಷದ ಫಲದಿಂದ ಸಿದ್ಧಾಂತವನ್ನು ಹೇಳಲಾಗದು. ಆದರೆ ಮಜ್ಜಿಗೆಯನ್ನು ಕೊಟ್ಟ ಕೈಯಲ್ಲಿ ಎರಡು ಬಳೆಗಳು ಹಿಂದಿರುಗಿದ್ದುವು. ಪುಡಿಯನ್ನು ಕೊಂಡು ತಂದ ಮಾತ್ರಕ್ಕೆ ಆಗಲಿಲ್ಲ. ಅದರೊಳಗಿನ ಜೀವಕ್ಕೆ ನೆರಳು, ನೀರು, ಆಹಾರಗಳನ್ನು ನಾವೇ ಒದಗಿಸಬೇಕು.