ಹಿಂದೆ ಬರುವವರಿಗೊಂದು ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಬೇಡ, ಒಪ್ಪಿದೆ. ಆದರೆ ಬೆನ್ನ ಹಿಂದೆ ಬರುವ ಬೈಕು ಕಾಣಬೇಕಾದರೆ ಕನ್ನಡಿ ಬೇಕೇ ಬೇಕು. ಇಷ್ಟು ಸಣ್ಣ ಮಾತನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಲು ಮೂರು ತಿಂಗಳು ಹಿಡಿಯಿತು. ಏಕೆಂದರೆ ಕನ್ನಡಿ ಹಾಕಬೇಕಾಗಿದ್ದ ಕಾರು ನನ್ನ ತೀರಿಹೋದ ತಮ್ಮನದು.

ಗದಗ ತಾಲ್ಲೂಕಿನ ಹರ್ತಿಯಲ್ಲಿ ನಮ್ಮ ಹಿರಿಯರ ಮನೆ ಇದೆ. ಎತ್ತುಗಳು ಹೋದ ಮೇಲೆ ಖಾಲಿಯಾದ ಕೊಟ್ಟಿಗೆಯಲ್ಲಿ ತಮ್ಮ ತನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಲ್ಲಿಸುತ್ತಿದ್ದ. ಎರಡು ಬಾಗಿಲಿನ, ಕೆನೆ ಬಣ್ಣದ ಕಾರು. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದದ್ದು. ಅವನು ಹೋದ ಮೇಲೆ ಎಂಟು ವರ್ಷ ಅದು ಹೊದಿಕೆಯ ಕೆಳಗೇ ಇತ್ತು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಅವನ ಮಗ ರಜೆ ರಜೆಗೆ ಬಂದು, ಒಂದೊಂದೇ ಭಾಗ ಹುಡುಕಿ ತಂದು, ಮಿಸ್ತ್ರಿಯ ಜೊತೆ ತಾನೂ ಗ್ರೀಸು ಹಚ್ಚಿಕೊಂಡು ಅದನ್ನು ಮತ್ತೆ ರಸ್ತೆಗೆ ತಂದ.

ಓಣಿಯ ಹುಡುಗರು ಅದನ್ನು ‘ಸ್ಪೋರ್ಟ್ಸ್ ಕಾರು’ ಎನ್ನುತ್ತಾರೆ. ಪೂರ್ತಿ ಸುಳ್ಳೇನಲ್ಲ. ಹೆರಾಲ್ಡ್ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಕಾರು. ಅಲ್ಲಿ 1959ರಲ್ಲಿ ಬಂತು. ನಮ್ಮಲ್ಲಿ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಅದನ್ನು ತಯಾರಿಸಿತು. ಅದರ ರೂಪ ಬರೆದವನು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ, ಮಿಕೆಲೊಟ್ಟಿಯೇ ರೂಪಿಸಿದ ಎರಡು ಸೀಟಿನ ಮೈ ಕೂಡಿಸಿ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. 948 ಸಿಸಿ ಎಂಜಿನ್ನಿನ ನಮ್ಮ ಹೆರಾಲ್ಡ್ ಓಟದಲ್ಲಿ ಸ್ಪಿಟ್‌ಫೈರಿಗೆ ಸಮ ಬರುವುದಿಲ್ಲ. ಆದರೂ ಇಬ್ಬರೂ ಒಂದೇ ಮನೆತನದವರು. ಎರಡಕ್ಕೂ ಬಾನೆಟ್ಟು ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಮೊಸಳೆ ಬಾಯಿ ತೆರೆದ ಹಾಗೆ. ಈ ಬಾನೆಟ್ಟನ್ನು ನೆನಪಿಡಿ. ಕನ್ನಡಿಯ ವಿಷಯದಲ್ಲಿ ನಮಗೆ ತೊಡಕಾದದ್ದು ಇದೇ.

ಆ ಕಾಲದ ಅನೇಕ ಕಾರುಗಳ ಹಾಗೆ ನಮ್ಮ ಹೆರಾಲ್ಡಿಗೂ ಹೊರಗೆ ಕನ್ನಡಿ ಇರಲಿಲ್ಲ. ಒಳಗೆ, ಚಾಲಕನ ಕಣ್ಣೆದುರಿಗೆ ಒಂದೇ ಒಂದು. ರಸ್ತೆಯಲ್ಲಿ ಚಕ್ಕಡಿ, ಸೈಕಲ್ಲು, ದಿನಕ್ಕೆ ನಾಲ್ಕು ಬಸ್ಸು ಇದ್ದಾಗ ಅದು ಸಾಕಾಗುತ್ತಿತ್ತು. ಈಗ ಸಾಕಾಗುವುದಿಲ್ಲ. ಕಳೆದ ವರ್ಷ ಗದಗಿನಿಂದ ಊರಿಗೆ ಬರುವಾಗ ಅದು ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ಹಿಂದಿನ ಸೀಟಿನಲ್ಲಿ ಮೂವರು, ಅವರ ತೊಡೆಯ ಮೇಲೆ ಸಂತೆಯ ಚೀಲ. ಒಳಗಿನ ಕನ್ನಡಿಯಲ್ಲಿ ತಲೆಗಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಗ ಎಡಕ್ಕೆ ಹೊರಳಿಸುವ ಹೊತ್ತಿಗೆ ಸರಿಯಾಗಿ ಎಡಗಡೆಯಿಂದಲೇ ಒಂದು ಬೈಕು ನುಗ್ಗಿತು. ಗಂಡ, ಹೆಂಡತಿ, ನಡುವೆ ಒಂದು ಕೂಸು. ಅವನು ಬ್ರೇಕು ಒತ್ತಿದ, ಬೈಕಿನವನು ಮಣ್ಣಿಗೆ ಇಳಿಸಿಕೊಂಡ. ಯಾರಿಗೂ ಏನೂ ಆಗಲಿಲ್ಲ. ಕೂಸಿನ ಕಾಲಿನ ಒಂದು ಚಪ್ಪಲಿ ಮಾತ್ರ ರಸ್ತೆಯ ಮೇಲೆ ಬಿತ್ತು. ನಾನು ಇಳಿದು ಎತ್ತಿಕೊಟ್ಟೆ. ಬೊಗಸೆಯಲ್ಲಿ ಹಿಡಿಯುವಷ್ಟೂ ದೊಡ್ಡದಿರಲಿಲ್ಲ ಆ ಚಪ್ಪಲಿ.

ಮನೆಗೆ ಬಂದು ಚಹಾ ಕುಡಿಯುತ್ತ ನಾನು ಹೊರಗಿನ ಕನ್ನಡಿಯ ಮಾತು ತೆಗೆದೆ. ಮಗನ ಮುಖ ಸಣ್ಣದಾಯಿತು.

“ದೊಡ್ಡಪ್ಪಾ, ಅಪ್ಪ ಹೆಂಗ ಇಟ್ಟಿದ್ರೋ ಹಂಗ ಇರ್ಲಿ ಅಂತ ನನ್ನ ಆಸೆರಿ. ತಗಡಿಗೆ ಒಮ್ಮೆ ತೂತು ಹಾಕಿದ್ವಿ ಅಂದ್ರ ಹೋತು, ಮತ್ತ ಹಿಂದಕ್ಕ ಬರೂದಿಲ್ಲ.”

ಅವನ ಮಾತಿನಲ್ಲಿ ಹುರುಳಿತ್ತು. ಹಳೆಯ ಕಾರಿನ ಮೈಗೆ ಕೊರೆದ ರಂಧ್ರ ಬ್ಯಾಂಕಿನ ಲೆಡ್ಜರಿನಲ್ಲಿ ಶಾಯಿಯಿಂದ ಬರೆದ ಅಂಕಿಯ ಹಾಗೆ. ಕೆರೆದು ಅಳಿಸಿದರೂ ಗುರುತು ಉಳಿಯುತ್ತದೆ. ಆದ್ದರಿಂದ ನಾನು ವಾದ ಮಾಡಲಿಲ್ಲ. “ಆತು ತಮ್ಮಾ, ತೂತು ಹಾಕೂಕಿಂತ ಮೊದಲ ಎಲ್ಲಾ ನೋಡೋಣು. ಬ್ಯಾಡ ಅನಿಸಿದ್ರ ಬ್ಯಾಡ” ಎಂದೆ. ನೋಡುವುದಕ್ಕೇ ಮೂರು ತಿಂಗಳು ಹೋಯಿತು. ಆ ಮೂರು ತಿಂಗಳಲ್ಲಿ ಕಲಿತದ್ದು ಬಹಳ.

ಕಾರಿಗೆ ಕನ್ನಡಿ ಬಂದ ಕಥೆಯೇ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಡೊರೊತಿ ಲೆವಿಟ್ ಎಂಬ ಹೆಣ್ಣುಮಗಳು ಕಾರ್ ರೇಸಿನಲ್ಲಿ ಹೆಸರು ಮಾಡಿದವಳು. 1909ರಲ್ಲಿ ಹೆಂಗಸರಿಗಾಗಿ ಕಾರು ನಡೆಸುವ ಬಗ್ಗೆ ಒಂದು ಪುಸ್ತಕ ಬರೆದಳು. ಒಂದು ಸಣ್ಣ ಕೈಗನ್ನಡಿ ಹತ್ತಿರ ಇಟ್ಟುಕೊಳ್ಳಿರಿ, ಆಗಾಗ ಎತ್ತಿ ಹಿಡಿದು ಹಿಂದೆ ಯಾರು ಬರುತ್ತಿದ್ದಾರೆ ನೋಡಿರಿ ಎಂದು ಅದರಲ್ಲಿ ಹೇಳಿದಳು. ಎರಡು ವರ್ಷದ ನಂತರ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ಸಿನಲ್ಲಿ 500 ಮೈಲಿಯ ಮೊದಲ ರೇಸು ನಡೆಯಿತು. ಉಳಿದ ಕಾರುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕುಳಿತು ಹಿಂದೆ ಯಾರಿದ್ದಾರೆಂದು ಹೇಳುತ್ತಿದ್ದ. ರೇ ಹ್ಯಾರೂನ್ ಎಂಬಾತ ಮಾತ್ರ ಒಬ್ಬನೇ ಕುಳಿತ. ಉಳಿದವರು ತಕರಾರು ಮಾಡಿದಾಗ ಕಾರಿಗೆ ಒಂದು ಕನ್ನಡಿ ಹಚ್ಚಿದ, ರೇಸನ್ನೂ ಗೆದ್ದ. ಆದರೆ ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಎಷ್ಟು ನಡುಗಿತೆಂದರೆ ತನಗೆ ಅದರಲ್ಲಿ ಏನೂ ಕಾಣಲಿಲ್ಲ ಎಂದು ಮುಂದೆ ಅವನೇ ಹೇಳಿಕೊಂಡ.

ನಮ್ಮ ಹೆರಾಲ್ಡಿಗೂ ಇದೇ ಪ್ರಶ್ನೆ ಬಂತು. ಹಳೆಯ ಕಾರುಗಳ ಫೋಟೊಗಳಲ್ಲಿ ಕನ್ನಡಿ ಮುಂದಿನ ಮಡ್‌ಗಾರ್ಡಿನ ಮೇಲೆ ಕೊಂಬಿನ ಹಾಗೆ ನಿಂತಿರುತ್ತದೆ. ನೋಡಲು ಬಹಳ ಚೆಂದ. ಜಪಾನಿನಲ್ಲಂತೂ 1983ರವರೆಗೆ ಅಲ್ಲಿಯ ಕಾರುಗಳಿಗೆ ಕನ್ನಡಿ ಅಲ್ಲೇ ಇರಬೇಕೆಂಬ ನಿಯಮವಿತ್ತು. ಅದರಿಂದ ಒಂದು ಲಾಭವೂ ಇದೆ: ಚಾಲಕ ಮುಖ ಹೆಚ್ಚು ಹೊರಳಿಸಬೇಕಾಗಿಲ್ಲ. ಮಗನಿಗೂ ಅದೇ ಇಷ್ಟ. ಆದರೆ ಹೆರಾಲ್ಡಿನ ಮಡ್‌ಗಾರ್ಡು ಬಾನೆಟ್ಟಿನ ಜೊತೆ ಎದ್ದು ಬರುವಂಥದ್ದು. ಎರಡು ಪಕ್ಕದ ಕೊಂಡಿಗಳೇ ಅದನ್ನು ಹಿಂದೆ ಬಿಗಿಹಿಡಿಯುತ್ತವೆ. ಅಷ್ಟು ದೊಡ್ಡ ತಗಡು ಒರಟು ರಸ್ತೆಯಲ್ಲಿ ಅದರದೇ ಆದ ಸಣ್ಣ ನಡುಕ ನಡುಗುತ್ತದೆ. ಅದರ ಮೇಲೆ ಕನ್ನಡಿ ಕೂಡಿಸಿದರೆ ಹ್ಯಾರೂನನ ಗತಿಯೇ.

ನಾನು ಬಿ.ಕಾಂ. ಓದಿದವ, ಎಂಜಿನಿಯರ್ ಅಲ್ಲ. ಆದರೂ ಲೆಕ್ಕ ಹಾಕಲು ಬರುತ್ತದೆ. ಕನ್ನಡಿ ಒಂದು ಡಿಗ್ರಿ ಹೊರಳಿದರೆ ಅದರಿಂದ ಬರುವ ಬೆಳಕು ಎರಡು ಡಿಗ್ರಿ ಹೊರಳುತ್ತದೆ. 50 ಮೀಟರ್ ಹಿಂದೆ ಎರಡು ಡಿಗ್ರಿ ಎಂದರೆ ಸುಮಾರು 1.75 ಮೀಟರ್. ಒಂದು ಬೈಕು ಪೂರ್ತಿ ಮಾಯವಾಗಲು ಅಷ್ಟು ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ಅಂದರೆ 50 ಮೀಟರ್ ಹಿಂದೆ ಇದ್ದವನು ನಾವು ‘ಒಂದು, ಎರಡು, ಮೂರು’ ಎನ್ನುವುದರೊಳಗೆ ಬಾಗಿಲ ಬಳಿ ಇರುತ್ತಾನೆ. ಈ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಮಗ ಬಹಳ ಹೊತ್ತು ನೋಡಿದ. ಮಡ್‌ಗಾರ್ಡಿನ ಮಾತು ಅಲ್ಲಿಗೆ ಬಿಟ್ಟ.

ಆಮೇಲೆ ಅವನೇ ಇನ್ನೊಂದು ದಾರಿ ತಂದ. ಬಾಗಿಲಿನ ಅಂಚಿಗೆ ಹಿಡಿಕೆಯಿಂದ ಕಚ್ಚಿಸುವ ಕನ್ನಡಿ ಸಿಗುತ್ತದೆ, ತೂತೇ ಬೇಡ. ತಂದು ಹಚ್ಚಿದೆವು. ಪೇಟೆಯೊಳಗೆ ಚೆನ್ನಾಗಿಯೇ ಇತ್ತು. ಊರ ದಾರಿಗೆ ಬಿದ್ದ ಮೇಲೆ ಪ್ರತಿ ತಗ್ಗಿಗೂ ಇಷ್ಟಿಷ್ಟೇ ಕೆಳಗೆ ವಾಲಿ, ಕೊನೆಗೆ ನಮ್ಮ ಕಾರಿನ ಹಿಂದಿನ ಚಕ್ರವನ್ನೇ ತೋರಿಸತೊಡಗಿತು. ಬಿಚ್ಚಿ ನೋಡಿದರೆ ಹಿಡಿಕೆ ಕಚ್ಚಿದಲ್ಲಿ ಬಣ್ಣವೂ ಎದ್ದಿತ್ತು. “ತೂತು ಹಾಕಿದ್ರರ ಅಲ್ಲಿ ವಾಶರು ಕುಂದ್ರತಿತ್ತು” ಎಂದು ಮಗನೇ ಅಂದ. ಬಾಗಿಲಿಗೆ ಬೋಲ್ಟು ಹಾಕಿ ಕನ್ನಡಿ ಕೂಡಿಸುವುದೆಂದು ಅಂದು ನಿರ್ಧಾರವಾಯಿತು.

ಇನ್ನು ಯಾವ ಕನ್ನಡಿ? ಅಂಗಡಿಯಲ್ಲಿ ದುಂಡನೆಯವು, ಚೌಕದವು, ರೇಸಿನ ಕಾರಿನವುಗಳ ಹಾಗೆ ಗುಂಡಿನ ಆಕಾರದವು, ಎಲ್ಲ ಇದ್ದವು. ಗುಂಡಿನ ಆಕಾರದ್ದು ಕಾರಿಗೆ ಒಪ್ಪುತ್ತಿತ್ತು, ಆದರೆ ಅದರೊಳಗಿನ ಗಾಜು ತೀರ ಸಣ್ಣದು. ದುಂಡನೆಯ, ಅಂಗೈ ಅಗಲದ ಕ್ರೋಮ್ ಕನ್ನಡಿ ಆರಿಸಿದೆವು. ಆಕಾರಕ್ಕಿಂತ ಮುಖ್ಯ ಗಾಜು. ಮಕ್ಕಳೇ, ಒಂದು ಸ್ಟೀಲ್ ಚಮಚೆಯ ಬೆನ್ನಿನಲ್ಲಿ ನಿಮ್ಮ ಮುಖ ನೋಡಿಕೊಳ್ಳಿ. ಮುಖ ಚಿಕ್ಕದಾಗಿ ಕಾಣುತ್ತದೆ, ಆದರೆ ನಿಮ್ಮ ಹಿಂದಿನ ಇಡೀ ಕೋಣೆಯೂ ಕಾಣುತ್ತದೆ. ಇದು ಉಬ್ಬುಗನ್ನಡಿ. ಹೆಚ್ಚು ಜಾಗ ತೋರಿಸುತ್ತದೆ, ಆದರೆ ಹತ್ತಿರ ಇರುವುದನ್ನು ದೂರ ಇದೆಯೆಂದು ನಂಬಿಸುತ್ತದೆ. ಸಪಾಟು ಕನ್ನಡಿ ದೂರವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಸ್ವಲ್ಪವೇ ಜಾಗ ತೋರಿಸುತ್ತದೆ. ನಮ್ಮ ದೇಶದಲ್ಲಿ ಚಾಲಕ ಬಲಕ್ಕೆ ಕೂಡುವುದರಿಂದ ಬಲಗನ್ನಡಿ ಕಣ್ಣಿಗೆ ಹತ್ತಿರ. ಅಲ್ಲಿ ಸಪಾಟು ಹಾಕಿದೆವು. ಎಡಗನ್ನಡಿ ದೂರ, ದೂರದ ಸಪಾಟು ಕನ್ನಡಿಯಲ್ಲಿ ಕಾಣುವ ಜಾಗ ಇನ್ನೂ ಕಡಿಮೆ. ಆದ್ದರಿಂದ ಅಲ್ಲಿ ಉಬ್ಬುಗನ್ನಡಿ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಅಂಗಡಿಯ ಟ್ಯೂಬ್‌ಲೈಟಿನ ಬಿಂಬ ಕನ್ನಡಿಯಲ್ಲಿ ಬೀಳುವಂತೆ ಹಿಡಿದು ನಿಧಾನವಾಗಿ ಹೊರಳಿಸಿ. ಸಪಾಟು ಗಾಜಿನಲ್ಲಿ ಅದು ನೆಟ್ಟಗಿರಬೇಕು, ಉಬ್ಬುಗಾಜಿನಲ್ಲಿ ಒಂದೇ ಸಮನೆ ಬಾಗಿರಬೇಕು. ನೀರಿನ ಅಲೆಯ ಹಾಗೆ ಡೊಂಕುಡೊಂಕಾದರೆ ಆ ಕನ್ನಡಿ ಬೇಡ. ನಾವು ಐದು ನೋಡಿ ಎರಡು ಆರಿಸಿದೆವು. ಅಂಗಡಿಯವರು ಬೇಸರಿಸಿಕೊಳ್ಳಲಿಲ್ಲ.

ಎಲ್ಲಿ ಕೊರೆಯಬೇಕು ಎಂಬುದನ್ನು ಕಂಡುಹಿಡಿದವಳು ಹತ್ತು ವರ್ಷದ ಮೊಮ್ಮಗಳು. ಅವಳು ಅಮ್ಮನ ಪೌಡರ್ ಡಬ್ಬಿಯ ಕನ್ನಡಿ ತಂದಳು, ಚಪಾತಿಗೆ ನಾದಿದ ಕಣಕದ ಒಂದು ಉಂಡೆ ತಂದಳು. ಅಪ್ಪನನ್ನು ಚಾಲಕನ ಸೀಟಿನಲ್ಲಿ ಕೂಡಿಸಿದಳು. ಸೀಟು ಅವನಿಗೆ ಸರಿಯಾಗಿದೆಯೇ ಎಂದು ಮೊದಲು ಕೇಳಿದಳು. ಸೀಟು ಸರಿದರೆ ಕನ್ನಡಿಯ ಲೆಕ್ಕವೆಲ್ಲ ತಪ್ಪುತ್ತದೆ. ಆಮೇಲೆ ಕಣಕದಿಂದ ಕನ್ನಡಿಯನ್ನು ಬಾಗಿಲಿಗೆ ಅಂಟಿಸುತ್ತ, “ಈಗ ಕಾಣತದ? ಈಗ?” ಎಂದು ಒಂದೊಂದೇ ಬೆರಳು ಸರಿಸಿದಳು. ತೀರ ಮುಂದೆ ಇಟ್ಟರೆ ಬಾಗಿಲಿನ ಸಣ್ಣ ತಿಕೋನ ಗಾಜಿನ ಚೌಕಟ್ಟು ಅಡ್ಡ ಬರುತ್ತಿತ್ತು. ತೀರ ಹಿಂದೆ ಇಟ್ಟರೆ ಕುತ್ತಿಗೆ ಹೊರಳಿಸಬೇಕಾಗುತ್ತಿತ್ತು. ಸರಿಯಾದ ಜಾಗ ಸಿಕ್ಕಾಗ ಅಲ್ಲಿ ಕುಂಕುಮದ ಬೊಟ್ಟು ಇಟ್ಟಳು.

ಮಿಸ್ತ್ರಿ ಬಂದು ಮೊದಲು ಬಾಗಿಲಿನ ಒಳಹಲಗೆ ಬಿಚ್ಚಿದರು. ಗಾಜು ಕೆಳಗಿಳಿದಾಗ ಬೋಲ್ಟಿನ ತುದಿಗೆ ತಾಗಬಾರದು. ಅದಕ್ಕೆ ಗಾಜನ್ನು ಪೂರ್ತಿ ಇಳಿಸಿ ಅಂತರ ನೋಡಿದರು. ಬೊಟ್ಟಿನ ಸುತ್ತ ಟೇಪು ಅಂಟಿಸಿದರು, ಡ್ರಿಲ್ಲು ಜಾರಿ ಬಣ್ಣ ಕೆರೆಯದಿರಲೆಂದು. ಮೊದಲು ಸಣ್ಣ ರಂಧ್ರ, ಆಮೇಲೆ ದೊಡ್ಡದು. ಕೊರೆದ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿಸಿದರು. ಬರಿಯ ತಗಡಿಗೆ ನೀರು ತಾಗಿದರೆ ತುಕ್ಕು ಅಲ್ಲಿಂದಲೇ ಶುರು. ಹೊರಗೆ ರಬ್ಬರಿನ ಪಟ್ಟಿ, ಒಳಗೆ ಅಗಲವಾದ ಉಕ್ಕಿನ ಪಟ್ಟಿ. ಒಳಗಿನ ಪಟ್ಟಿ ಇಲ್ಲದಿದ್ದರೆ ತೆಳು ತಗಡು ಕನ್ನಡಿಯ ಭಾರಕ್ಕೆ ಅದುರುತ್ತದೆ. ಡ್ರಿಲ್ಲು ತಗಡಿಗೆ ತಾಗಿದಾಗ ಮಗ ಅಂಗಳದ ಆ ಕಡೆ ಮುಖ ಮಾಡಿ ನಿಂತಿದ್ದ. ಬಿದ್ದ ತಗಡಿನ ಪುಡಿಯನ್ನು ಆಮೇಲೆ ತಾನೇ ಕುಂಚದಿಂದ ಬಳಿದು ತೆಗೆದ.

ಕನ್ನಡಿ ಕೂಡಿಸಿದ ಮೇಲೆ ಮುಗಿಯಿತು ಎಂದುಕೊಳ್ಳಬಾರದು. ಎಷ್ಟೇ ಕನ್ನಡಿ ಇದ್ದರೂ ಕಾಣದ ಜಾಗ ಇದ್ದೇ ಇರುತ್ತದೆ. ಅದನ್ನು ಪತ್ತೆ ಮಾಡುವ ಆಟವೊಂದನ್ನು ನಾವು ಮನೆಯಲ್ಲಿ ಆಡಿದೆವು. ನಿಮ್ಮ ಮನೆಯ ಕಾರು ಹೊಸದಿರಲಿ ಹಳೆಯದಿರಲಿ, ನೀವೂ ಆಡಬಹುದು. ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕು ಎಳೆದು, ಕೀಲಿಯನ್ನು ಮನೆಯ ಹಿರಿಯರೊಬ್ಬರ ಜೇಬಿಗೆ ಕೊಡಿ. ಕಾರು ನಡೆಸುವವರು ಸೀಟಿನಲ್ಲಿ ಕುಳಿತು ಮೊದಲು ಒಳಗನ್ನಡಿ, ಆಮೇಲೆ ಹೊರಗಿನ ಎರಡೂ ಕನ್ನಡಿ ಹೊಂದಿಸಿಕೊಳ್ಳಲಿ. ಒಂದು ಮಗು ಕಾರಿನ ಸುತ್ತ ನಿಧಾನವಾಗಿ ನಡೆಯಲಿ. ಕುಳಿತವರಿಗೆ ಮಗು ಕಾಣದಾದ ಕೂಡಲೇ “ನಿಲ್ಲು” ಎನ್ನಬೇಕು. ಅಲ್ಲಿ ಇನ್ನೊಬ್ಬರು ರಂಗೋಲಿ ಪುಡಿಯಿಂದ ಗುರುತು ಹಾಕಬೇಕು. ಮತ್ತೆ ಕಂಡಲ್ಲಿ ಇನ್ನೊಂದು ಗುರುತು.

ನಮ್ಮ ಮೊಮ್ಮಗಳು ಹೀಗೆ ಸುತ್ತಿ ಬಂದ ಮೇಲೆ ಗುರುತುಗಳನ್ನೆಲ್ಲ ಕೂಡಿಸಿ ಗೆರೆ ಎಳೆದಳು. ಎರಡೂ ಬಾಗಿಲುಗಳ ಹಿಂದೆ ಒಂದೊಂದು ಪಟ್ಟೆ, ಕಾರಿನ ಬೆನ್ನಿಗೆ ಹತ್ತಿಕೊಂಡು ಒಂದು ದೊಡ್ಡ ಪಟ್ಟೆ. ಆ ಬೆನ್ನಿನ ಪಟ್ಟೆಯಲ್ಲಿ ಅವಳ ಐದು ವರ್ಷದ ತಮ್ಮ ನಿಂತರೆ ತಲೆಯ ಕೂದಲೂ ಕಾಣುತ್ತಿರಲಿಲ್ಲ. ಮಗ ಇಳಿದು ಬಂದು ಆ ಗೆರೆಗಳನ್ನು ನೋಡಿದ. ಅವತ್ತಿನಿಂದ ಕಾರನ್ನು ಹಿಂದಕ್ಕೆ ತೆಗೆಯುವ ಮೊದಲು ಅವನು ಒಮ್ಮೆ ಇಳಿದು ಸುತ್ತ ನೋಡಿಬರುತ್ತಾನೆ. ಹುಡುಗರು ಮಾತ್ರ ರಂಗೋಲಿ ಅಳಿಸಿಹೋದರೂ ಗೆರೆ ಎಲ್ಲಿತ್ತೆಂದು ಮರೆತಿಲ್ಲ. ಹೆರಾಲ್ಡ್ ಶುರುವಾದ ಸದ್ದು ಕೇಳಿದರೆ ಸಾಕು, ಓಣಿಯವರೆಲ್ಲ ಓಡಿಬಂದು ತುಳಸಿಕಟ್ಟೆಯ ಹತ್ತಿರ, ಚಾಲಕನ ಕಣ್ಣಿಗೆ ಬೀಳುವ ಜಾಗದಲ್ಲಿ ಸಾಲಾಗಿ ನಿಲ್ಲುತ್ತಾರೆ.